ದೆಹಲಿಯ ಬೇಸಿಗೆ ಶಿಬಿರದಲ್ಲಿ ಪಾಠ ಮಾಡಲು ಹೋಗಬಹುದಾ?

ಬೆಳಿಗ್ಗೆ ನಾಲ್ಕು ಗಂಟೆಗಳ ಪಾಠ ಮುಗಿಸಿದರೆ ಮಧ್ಯಾಹ್ನದಿಂದ ದೆಹಲಿ ನೋಡಬಹುದಲ್ಲ, ರಜೆಯಲ್ಲಿ ಶಿಬಿರಕ್ಕೆ ಹೋಗಲಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ಹೋಗಿದ್ದೆ. ಆಗ ಬೆಂಗಳೂರಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ಮೇ ತಿಂಗಳು ಖಾಲಿ ಇತ್ತು. ಮೇ ತಿಂಗಳ ದೆಹಲಿಯಲ್ಲಿ ಮಧ್ಯಾಹ್ನ ಊರು ನೋಡುವುದು ಅನ್ನುವ ಮಾತೇ ಇಲ್ಲ. ಆ ಆಸೆಯನ್ನು ಮೊದಲು ಬಿಟ್ಟುಬಿಡಿ.

ಐದೂವರೆಗೆಲ್ಲ ಸೂರ್ಯ ಹುಟ್ಟಿರುತ್ತಾನೆ. ಏಳಕ್ಕೆ ಶಿಬಿರದಲ್ಲಿ ಇರುತ್ತಿದ್ದೆ, ಏಳೂವರೆಗೆ ಮಕ್ಕಳು ಬರುತ್ತಿದ್ದರು. ಶಾಲೆಯ ಪಾಠ ಅಲ್ಲಿ ನಡೆಯಲ್ಲ. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ. ಬೇಜಾರಾದರೆ ಮಗು ಮಾರನೇ ದಿನ ಬರುವುದೇ ಇಲ್ಲ. ಕೈಗೆ ಏನಾದರೂ ಕೆಲಸ ಕೊಟ್ಟರೆ ಮಾತ್ರ ಕೂರುತ್ತಾರೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಆದರೂ ಭೂತಗನ್ನಡಿ, ಆಯಸ್ಕಾಂತ, ಬಲೂನು ಮುಂದಿಟ್ಟರೆ ಭಾಷೆ ಅಡ್ಡ ಬರಲಿಲ್ಲ.

ಈಗ ನಾನು ಅಲ್ಲಿ ಮಾಡಿದ ಒಂದು ತಪ್ಪಿನ ವಿಷಯ. ನೀವು ಮಾಡಬಾರದು ಅಂತಲೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ಕನಾಟ್ ಪ್ಲೇಸ್ ಹತ್ತಿರ ಜಂತರ್ ಮಂತರ್ ಅನ್ನುವ ಹಳೆಯ ಖಗೋಳ ವೀಕ್ಷಣಾಲಯ ಇದೆ. 1724ರ ಸುಮಾರಿಗೆ ರಾಜ ಸವಾಯಿ ಜೈ ಸಿಂಗ್ ಕಟ್ಟಿಸಿದ್ದು. ಅಲ್ಲಿರುವ ಸಾಮ್ರಾಟ ಯಂತ್ರ ಅಂದರೆ ಒಂದು ದೊಡ್ಡ ನೆರಳು ಗಡಿಯಾರ. ನಡುವೆ ಮೆಟ್ಟಿಲಿರುವ ತ್ರಿಕೋನದ ಗೋಡೆ, ಎರಡೂ ಕಡೆ ಬಾಗಿದ ಕಟ್ಟೆ. ಗೋಡೆಯ ಇಳಿಜಾರು ದೆಹಲಿಯ ಅಕ್ಷಾಂಶದಷ್ಟೇ, ಸುಮಾರು 28.6 ಡಿಗ್ರಿ. ಹಾಗಾಗಿ ಅದು ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿದೆ. ವಿಜ್ಞಾನದ ಟೀಚರ್‌ಗೆ ಇನ್ನೇನು ಬೇಕು ಹೇಳಿ? ಅದು ತೋರಿಸುವುದು ಅಲ್ಲಿಯ ಸೂರ್ಯನ ಸಮಯ. ನಮ್ಮ ವಾಚು ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ದೆಹಲಿ ಇರುವುದು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 77.2ರಲ್ಲಿ. ಆದ್ದರಿಂದ ಮೇ ಮಧ್ಯದಲ್ಲಿ ನೆರಳು ವಾಚಿಗಿಂತ ಸುಮಾರು 17 ನಿಮಿಷ ಹಿಂದೆ ಇರುತ್ತದೆ. ಗಡಿಯಾರ ಕೆಟ್ಟಿದೆ ಅಂತ ಮಕ್ಕಳು ಕೂಗಬೇಕು, ಯಾಕೆ ಅಂತ ಅವರೇ ಹುಡುಕಬೇಕು. ಇದು ನನ್ನ ಆಸೆ.

ಇನ್ನೊಂದು ಆಸೆಯೂ ಇತ್ತು. ಮೇ ಮಧ್ಯದಲ್ಲಿ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿ ಕರ್ಕಾಟಕ ವೃತ್ತಕ್ಕಿಂತ ಮೇಲಿದೆ. ಅಲ್ಲಿ ವರ್ಷದ ಯಾವ ದಿನವೂ ಹಾಗಾಗುವುದಿಲ್ಲ, ನಡುಹಗಲಿನ ನೆರಳು ಯಾವಾಗಲೂ ಉತ್ತರಕ್ಕೇ. ಇದನ್ನು ತೋರಿಸಬೇಕು ಅಂತ ಹನ್ನೆರಡು ಗಂಟೆಗೇ ಹೊರಟೆವು. ತಪ್ಪಾಗಿದ್ದು ಅಲ್ಲೇ. ಬಿಸಿಲು ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಬೆಂಗಳೂರಿನ ಬಿಸಿಲು, ಮರದ ಕೆಳಗೆ ನಿಂತರೆ ತಣ್ಣಗಾಗುವಂಥದ್ದು. ದೆಹಲಿಯಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲಿ. ಜೊತೆಗೆ ಲೂ ಅನ್ನುವ ಒಣ ಬಿಸಿಗಾಳಿ. ಬೆವರು ಬಂದದ್ದೇ ಆರಿಹೋಗುತ್ತದೆ. ಬೆವರೇ ಇಲ್ಲವಲ್ಲ, ಪರವಾಗಿಲ್ಲ ಅನ್ನಿಸಿಬಿಡುತ್ತದೆ.

ಮಕ್ಕಳು ನೆಲದಲ್ಲಿ ಕಡ್ಡಿ ನೆಟ್ಟು ನೆರಳಿನ ತುದಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಿದ್ದರು. ಒಬ್ಬಳು ಗುರುತು ಹಾಕಿದವಳು ಮೇಲೆ ಏಳಲಿಲ್ಲ. ಮುಖ ಕೆಂಪಗೆ, ತುಟಿ ಒಣಗಿತ್ತು. ತಲೆ ಸುತ್ತುತ್ತಿದೆ ಅಂದಳು, ಆಮೇಲೆ ವಾಂತಿ ಮಾಡಿಕೊಂಡಳು. ನೆರಳಿಗೆ ಎತ್ತಿಕೊಂಡು ಹೋಗಿ, ಶೂ ಬಿಚ್ಚಿ, ಒದ್ದೆ ದುಪಟ್ಟಾ ಕತ್ತಿಗೆ, ಕಂಕುಳಿಗೆ ಇಟ್ಟು ಗಾಳಿ ಹಾಕಿದೆವು. ಗುಟುಕು ಗುಟುಕಾಗಿ ನೀರು ಕೊಟ್ಟೆವು. ಚೇತರಿಸಿಕೊಂಡಳು. ಆದರೆ ಶಿಬಿರದವರು ಹೊರಗಿನ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸಿದರು. ಮಕ್ಕಳು ಉಳಿದ ಶಿಬಿರವನ್ನು ಎಸಿ ಹಾಲಿನಲ್ಲೇ ಕಳೆದರು. ಎಲ್ಲರಿಗೂ ಸಿಗಬೇಕಾದದ್ದು ನನ್ನ ಒಂದು ಹಟದಿಂದ ತಪ್ಪಿಹೋಯಿತು. ಇವತ್ತಿಗೂ ಅದು ನನಗೆ ನೋವಿನ ವಿಷಯ.

ನಡುಹಗಲು ಬೇಕಾಗಿಯೇ ಇರಲಿಲ್ಲ! ಬೆಳಿಗ್ಗೆ ಸೂರ್ಯ ಪೂರ್ವದಲ್ಲಿದ್ದಾಗ ಗೋಡೆಯ ನೆರಳು ಪಶ್ಚಿಮದ ಕಟ್ಟೆಯ ಮೇಲೆ ಬೀಳುತ್ತದೆ. ವಾಚಿಗೂ ನೆರಳಿಗೂ ಇರುವ ಆ 17 ನಿಮಿಷ ಬೆಳಿಗ್ಗೆ ಏಳೂವರೆಗೂ ಅಷ್ಟೇ ಇರುತ್ತದೆ. ಮಕ್ಕಳನ್ನು ಸೀದಾ ಅಲ್ಲಿಗೇ ಕರೆಸಿ ಎಂಟೂವರೆಗೆ ವಾಪಸ್ ಹೊರಟಿದ್ದರೆ ಮುಗಿಯುತ್ತಿತ್ತು. ದಕ್ಷಿಣ, ಉತ್ತರದ ನೆರಳನ್ನು ಬೋರ್ಡಿನ ಮೇಲೆ ಬರೆದರೂ ಸಾಕಿತ್ತು.

ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡಿರಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಮಕ್ಕಳ ಚಿಕ್ಕ ಬಾಟಲಿಗೆ ಇಡೀ ಪೊಟ್ಟಣ ಸುರಿಯುವವರನ್ನು ನೋಡಿದ್ದೇನೆ, ಹಾಗೆ ಮಾಡಲೇಬಾರದು. ಮಗು ತೊದಲಿದರೆ, ಕರೆದರೆ ಸರಿಯಾಗಿ ಓಗೊಡದಿದ್ದರೆ ಕಾಯಬೇಡಿ. ಬಾಯಿಗೆ ನೀರು ಹಾಕದೆ, ಮೈಗೆ ನೀರು ಹಾಕಿ ತಣ್ಣಗೆ ಮಾಡುತ್ತಲೇ 112ಕ್ಕೆ ಫೋನ್ ಮಾಡಿ.

ಹನ್ನೊಂದೂವರೆಗೆ ಪಾಠ ಮುಗಿದ ಮೇಲೂ ಕೆಲಸ ಮುಗಿಯಲ್ಲ. ಒಬ್ಬೊಬ್ಬ ಮಗುವನ್ನೂ ಪಟ್ಟಿಯಲ್ಲಿ ಹೆಸರಿರುವವರ ಕೈಗೇ ಒಪ್ಪಿಸಬೇಕು. ಯಾರದೋ ಚಿಕ್ಕಪ್ಪ ಬಂದಿದ್ದಾರೆ, ಪಟ್ಟಿಯಲ್ಲಿ ಅವರ ಹೆಸರಿಲ್ಲ. ತಾಯಿ ಫೋನ್ ಎತ್ತುತ್ತಿಲ್ಲ. ಮಗು ಆಗಲೇ ಅವರ ಕೈ ಹಿಡಿದುಕೊಂಡು ಹೊರಟಿದೆ. ತಾಯಿ ಹೂಂ ಅನ್ನುವವರೆಗೆ ಕಳಿಸಲೇಬೇಡಿ, ಚಿಕ್ಕಪ್ಪ ಎಷ್ಟೇ ಸಿಟ್ಟಾಗಲಿ. ಎಲ್ಲರೂ ಹೋಗುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಆಮೇಲೆ ಪಾಲಕರ ವಾಟ್ಸಾಪ್, ನಾಳೆಯ ಸಾಮಾನು. ಸಂಜೆ ಊರು ನೋಡೋಣ ಅಂದರೆ ಏಳಕ್ಕೂ ಗೋಡೆ ಮುಟ್ಟಿದರೆ ಬಿಸಿ.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ, ಹೋಗಿ. ಊರು ನೋಡಬೇಕು ಅಂತಿದ್ದರೆ ಮಾತ್ರ ಅದಕ್ಕೇ ಅಂತ ನವೆಂಬರ್ ಕೊನೆಗೋ ಫೆಬ್ರವರಿಗೋ ಹೋಗಿ. ಬೇಸಿಗೆಗೆ ಹೋಗುವುದಾದರೆ ಮಕ್ಕಳಿಗೋಸ್ಕರ ಹೋಗಿ. ಒಪ್ಪುವ ಮೊದಲು ಸಂಬಳದ ಜೊತೆಗೆ ಇನ್ನೆರಡು ವಿಷಯ ಬರವಣಿಗೆಯಲ್ಲಿ ಕೇಳಿ: ಮಕ್ಕಳನ್ನು ಮನೆಯವರಿಗೆ ಒಪ್ಪಿಸುವ ಹೊತ್ತಿಗೂ ಸಂಬಳ ಇದೆಯಾ, ಹೊರಗೆ ಹೋದಾಗ ನಿಮ್ಮ ಜೊತೆ ಇನ್ನೊಬ್ಬರು ದೊಡ್ಡವರು ಇರುತ್ತಾರಾ. ಎರಡನೆಯದಕ್ಕೆ "ನೋಡೋಣ" ಅಂದರೆ ಬೇರೆ ಶಿಬಿರ ಹುಡುಕಿ. ಇನ್ನು, ದೆಹಲಿಯ ಬೇಸಿಗೆ ರಜೆ ಜೂನ್‌ವರೆಗೂ ಇರುತ್ತದೆ, ನಮ್ಮ ಶಾಲೆಗಳು ಅಷ್ಟರಲ್ಲಿ ಶುರುವಾಗಿರುತ್ತವೆ. ಎಲ್ಲಿವರೆಗೆ ಇರುತ್ತೀರಿ ಅಂತ ಮೊದಲೇ ಹೇಳಿ, ವಾಪಸ್ ಟಿಕೆಟ್ ಈಗಲೇ ಮಾಡಿಸಿ. ಬೇಸಿಗೆಯಲ್ಲಿ ಕೊನೆ ಗಳಿಗೆಗೆ ರೈಲಿನಲ್ಲಿ ಸೀಟು ಸಿಗುವುದು ಕಷ್ಟ.