ಬೇಸ್‌ಬಾಲ್‌ನಲ್ಲಿ ಯಾರೂ ಲೆಕ್ಕಕ್ಕಿಡದ ತಂಡ ಸೀಸನ್ ಶುರುವಿನಲ್ಲೇ ಗೆಲ್ಲುತ್ತಾ ಹೋದರೆ, ಅದು ಕೊನೆವರೆಗೂ ನಿಲ್ಲುತ್ತದಾ?

ಬಹಳ ಸಲ ನಿಲ್ಲುವುದಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ 2023ರ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ನೋಡಿ. ಹಿಂದಿನ ಎರಡು ವರ್ಷವೂ ನೂರಕ್ಕೆ ಕಮ್ಮಿ ಇಲ್ಲದಷ್ಟು ಪಂದ್ಯ ಸೋತಿದ್ದ ತಂಡ ಅದು, ಆ ಏಪ್ರಿಲ್‌ನಲ್ಲಿ ಮೊದಲ 28ರಲ್ಲಿ 20 ಗೆದ್ದು ಎಲ್ಲರ ಬಾಯಲ್ಲೂ ಇತ್ತು, ಆದರೆ ಕೊನೆಗೆ ಬಂದು ನಿಂತಿದ್ದು 76 ಗೆಲುವು, 86 ಸೋಲಿಗೆ. ಅವರ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಒನೀಲ್ ಕ್ರೂಸ್ ಏಪ್ರಿಲ್ 9ರಂದೇ ರನ್ ಗಳಿಸಲು ಹೋಮ್ ಪ್ಲೇಟ್‌ಗೆ (ಬ್ಯಾಟರ್ ನಿಲ್ಲುವ ಜಾಗದ ಬೇಸ್) ಜಾರುವಾಗ ಕಣಕಾಲು ಮುರಿದುಕೊಂಡು ಇಡೀ ಸೀಸನ್ ಹೊರಗೆ ಉಳಿದರು. ಪಾಪ, ಒಳ್ಳೆ ಆಟಗಾರ.

ಸೀಸನ್ 162 ಪಂದ್ಯಗಳದ್ದು, 28 ಅಂದರೆ ಆರನೇ ಒಂದು ಭಾಗ ಅಷ್ಟೇ ಅಲ್ವಾ? ಅಷ್ಟರಲ್ಲಿ ಅದೃಷ್ಟದ ಪಾಲು ಜಾಸ್ತಿ. ಬ್ಯಾಟಿಗೆ ಸುಮ್ನೆ ತಾಗಿದ ಚೆಂಡೂ ಫೀಲ್ಡರ್‌ಗಳ ನಡುವೆ ಬಿದ್ದು ಹಿಟ್ ಆಗುತ್ತಿರುತ್ತದೆ, ಒಂದೇ ರನ್ ಅಂತರದ ಪಂದ್ಯಗಳೆಲ್ಲ ಆ ತಂಡದ ಕಡೆಗೇ ವಾಲುತ್ತಿರುತ್ತವೆ.

ಅದೇ ವರ್ಷ ಟ್ಯಾಂಪಾ ಬೇ ರೇಸ್ ಮೊದಲ 13 ಪಂದ್ಯ ಸತತವಾಗಿ ಗೆದ್ದಿತು, ಮುಖ್ಯ ಪಿಚರ್‌ಗಳು (ಚೆಂಡು ಎಸೆಯುವವರು) ಒಬ್ಬರಾದ ಮೇಲೊಬ್ಬರು ಗಾಯಗೊಂಡರೂ 99 ಗೆದ್ದೇ ಮುಗಿಸಿತು. ಅವರು ಮೊದಲಿಂದಲೂ ಗಟ್ಟಿ ತಂಡ. ಹಾಗಾಗಿ ನಾನು ಗೆಲುವು-ಸೋಲಿನ ಪಟ್ಟಿಗಿಂತ ಹೊಡೆದ ರನ್ನಿಗೂ ಬಿಟ್ಟುಕೊಟ್ಟ ರನ್ನಿಗೂ ಇರುವ ವ್ಯತ್ಯಾಸ ನೋಡುತ್ತೇನೆ, ಜೊತೆಗೆ ಸರದಿಯಂತೆ ಪಂದ್ಯ ಶುರು ಮಾಡುವ ಐವರು ಪಿಚರ್‌ಗಳ (ಸ್ಟಾರ್ಟರ್‌ಗಳ) ಹಿಂದೆ ಆರನೆಯವನು, ಏಳನೆಯವನು ಯಾರು ಅಂತ.