ಓದುಗರ ಪ್ರಶ್ನೆಗಳು: ಕಲ್ಲಿನೊಳಗಿನ ಮೀನು

ಮೀನಿನ ಪಳೆಯುಳಿಕೆಗಳನ್ನು ಸಂಗ್ರಹಿಸುವ ಹವ್ಯಾಸದ ಬಗ್ಗೆ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಸಿಕ್ಕಿದ ಚಪ್ಪಟೆ ಕಲ್ಲೊಂದನ್ನು ಸೀಳಿದಾಗ ಒಳಮೈಯಲ್ಲಿ ಮೀನಿನ ಮುಳ್ಳಿನಂತೆ ಕವಲೊಡೆದ ಕಪ್ಪು ಗೆರೆಗಳು ಕಾಣಿಸಿದವು. ಊರಿನವರು ಇದು ಕಲ್ಲಾದ ಮೀನು ಎನ್ನುತ್ತಿದ್ದಾರೆ. ನಿಜವಿರಬಹುದೇ?
— ಶಿಕ್ಷಕರೊಬ್ಬರು, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಕಲ್ಲಿನಲ್ಲಿರುವುದು ಮೀನಲ್ಲ ಎಂದು ಕಲ್ಲನ್ನು ನೋಡುವ ಮೊದಲೇ ಹೇಳಬಹುದು. ನಿಮ್ಮ ಜಿಲ್ಲೆಯನ್ನೂ ಕೋಲಾರ, ಚಿಕ್ಕಬಳ್ಳಾಪುರಗಳನ್ನೂ ಹೊತ್ತಿರುವ, ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಗಳಲ್ಲಿ ಬಹುಪಾಲು 250 ಕೋಟಿ ವರ್ಷಗಳಿಗೂ ಹಳೆಯವು. ತುಮಕೂರು ಜಿಲ್ಲೆಯನ್ನು ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಕೋಲಾರದ ಚಿನ್ನದ ಗಣಿಗಳಿರುವ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷದ್ದು. ಮೀನುಗಳ ಅತ್ಯಂತ ಹಳೆಯ ಕುರುಹುಗಳು ಚೀನಾದ ಚೆಂಗ್‌ಜಿಯಾಂಗ್ ಎಂಬಲ್ಲಿ ದೊರೆತಿದ್ದು, ಅವುಗಳ ವಯಸ್ಸು ಸುಮಾರು 52 ಕೋಟಿ ವರ್ಷ ಮಾತ್ರ. ಅಂದರೆ ನಮ್ಮ ಬೆಟ್ಟಗುಡ್ಡಗಳು ರೂಪುಗೊಂಡು ಇನ್ನೂರು ಕೋಟಿ ವರ್ಷಗಳಾದ ಮೇಲೆ ಭೂಮಿಯಲ್ಲಿ ಮೊದಲ ಮೀನು ಈಜಿತು. ಮನೆಗಳ ನೆಲಕ್ಕೆ ಹಾಸುವ ಕಡಪ ಕಲ್ಲು, ಶಹಾಬಾದ್ ಕಲ್ಲುಗಳು ಪದರಗಲ್ಲುಗಳೇ ಆದರೂ ಅವೂ ಮೀನುಗಳಿಗಿಂತ ಹಿಂದಿನವು.

ನೀವು ಕಂಡಿರುವುದು ಬಹುಮಟ್ಟಿಗೆ ಮ್ಯಾಂಗನೀಸ್ ಆಕ್ಸೈಡಿನ ಚಿತ್ತಾರ. ಮ್ಯಾಂಗನೀಸ್ ಕರಗಿರುವ ನೀರು ಕಲ್ಲಿನ ಬಿರುಕಿನೊಳಗೆ ಹರಡಿ, ಅಂಚಿನಿಂದ ಒಳಗೊಳಗೆ ಕವಲೊಡೆಯುತ್ತ ಈ ಗೆರೆಗಳನ್ನು ಮೂಡಿಸುತ್ತದೆ. ಮ್ಯಾಂಗನೀಸ್ ಅದಿರಿರುವ ನಿಮ್ಮ ತಾಲ್ಲೂಕಿನಲ್ಲಿ ಇದು ಅಪರೂಪವಲ್ಲ. ಒಂದು ಭೂತಗನ್ನಡಿ ಹಿಡಿದು ಪರೀಕ್ಷಿಸಿ. ಮೀನಾಗಿದ್ದರೆ ಬೆನ್ನುಮೂಳೆಯ ತುಂಡುಗಳು ಸಮಾನ ಅಂತರದಲ್ಲಿ ಒಂದೇ ಸಾಲಿನಲ್ಲಿರಬೇಕು, ಒಂದು ತುದಿಯಲ್ಲಿ ತಲೆಬುರುಡೆಯ ಎಲುಬುಗಳೂ ಇನ್ನೊಂದು ತುದಿಯಲ್ಲಿ ಬಾಲದ ಕಡ್ಡಿಗಳೂ ಕಾಣಬೇಕು, ಎಲುಬಿಗೆ ತನ್ನದೇ ದಪ್ಪವಿರಬೇಕು. ಮ್ಯಾಂಗನೀಸಿನ ಗೆರೆಗಾದರೋ ದಪ್ಪವೆಂಬುದಿಲ್ಲ. ಅದು ಕಲ್ಲಿನ ಮೈಮೇಲೆ ಹರಡಿದ ತೆಳು ಲೇಪ, ಮತ್ತು ಅದರ ಕವಲುಗಳಿಗೆ ಎಡಬಲದ ಲೆಕ್ಕವಿರುವುದಿಲ್ಲ.

ಆದರೆ ನಿಮ್ಮ ನೆರೆಯಲ್ಲೇ ನಿಜವಾದ ಪಳೆಯುಳಿಕೆಗಳಿವೆ ಎಂಬುದನ್ನು ಶಾಲೆಯ ಮಕ್ಕಳಿಗೆ ದಯವಿಟ್ಟು ತಿಳಿಸಿ. ದೊಡ್ಡಗುಣಿಯ ಸುತ್ತಲಿನ ಸುಣ್ಣಕಲ್ಲಿನ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿರುವುದನ್ನು ಭೂವಿಜ್ಞಾನಿಗಳು 1980ರ ದಶಕದಲ್ಲೇ ವರದಿ ಮಾಡಿದ್ದಾರೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಹಾಸುಗಳು ಹೂಳನ್ನು ಹಿಡಿದಿಟ್ಟುಕೊಂಡು ಪದರದ ಮೇಲೆ ಪದರವಾಗಿ ಬೆಳೆದ ರಚನೆಗಳಿವು. 250 ಕೋಟಿ ವರ್ಷಗಳಿಗೂ ಹಿಂದಿನವು. ಮೀನಿನಂತೆ ಇವು ಕಣ್ಣು ಸೆಳೆಯುವುದಿಲ್ಲ, ನಿಜ. ಆದರೂ ಜಗತ್ತಿನ ಯಾವ ಮೀನಿನ ಪಳೆಯುಳಿಕೆಯೂ ವಯಸ್ಸಿನಲ್ಲಿ ಇವುಗಳ ಹತ್ತಿರ ಸುಳಿಯಲಾರದು. ಇವನ್ನು ಇದ್ದಲ್ಲೇ ನೋಡಿ, ಚಿತ್ರ ತೆಗೆದುಕೊಂಡು ಬನ್ನಿ. ಸುತ್ತಿಗೆಯನ್ನು ಮನೆಯಲ್ಲೇ ಬಿಡಿ.

ಪ್ರಶ್ನೆ: ನಮ್ಮ ಕೆರೆ ಬತ್ತಿದಾಗಲೆಲ್ಲ ಸಾವಿರಾರು ಮೀನುಗಳು ಕೆಸರಿನಲ್ಲಿ ಸಾಯುತ್ತವೆ. ಒಂದೂ ಕಲ್ಲಾಗುವುದಿಲ್ಲ. ಹಾಗಿರುವಾಗ ಕೆಲವು ಕಡೆ ಮಾತ್ರ ಹುರುಪೆ ಸಹಿತ ಮೀನು ಉಳಿಯುವುದು ಹೇಗೆ? ಅಂಥ ಮೀನನ್ನು ನೋಡುವಾಗ ಏನನ್ನು ಗಮನಿಸಬೇಕು?
— ನಿವೃತ್ತ ಗಣಿ ನೌಕರರು, ಕೋಲಾರ ಚಿನ್ನದ ಗಣಿ ಪ್ರದೇಶ

ಉತ್ತರ: ನಿಮ್ಮ ಕೆರೆಯ ಉದಾಹರಣೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಬತ್ತುವ ಕೆರೆಯಲ್ಲಿ ಸತ್ತ ಮೀನನ್ನು ಹದ್ದು, ಕಾಗೆ, ನಾಯಿಗಳು ಎಳೆಯುತ್ತವೆ. ಉಳಿದದ್ದನ್ನು ಹುಳುಗಳೂ ಬ್ಯಾಕ್ಟೀರಿಯಾಗಳೂ ಮುಗಿಸುತ್ತವೆ. ಬಿಸಿಲಿಗೆ ಒಡೆದ ಕೆಸರು ಎಲುಬುಗಳನ್ನು ಚದುರಿಸುತ್ತದೆ. ಇಡೀ ಮೀನು ಉಳಿಯಬೇಕಾದರೆ ಅದು ಬೀಳುವ ತಳದಲ್ಲಿ ಆಮ್ಲಜನಕ ಇಲ್ಲದಂತಿರಬೇಕು, ಹೆಣವನ್ನು ತಿನ್ನುವ ಪ್ರಾಣಿಗಳು ಅಲ್ಲಿ ಬದುಕಲಾಗದಂತಿರಬೇಕು, ನೀರು ಅಲುಗಾಡದೆ ನಯವಾದ ಹೂಳು ಅದರ ಮೇಲೆ ಪದರಪದರವಾಗಿ ಕೂರುತ್ತಿರಬೇಕು. ಅಮೆರಿಕದ ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ಶಿಲಾಪದರಗಳು ಸುಮಾರು 5.2 ಕೋಟಿ ವರ್ಷಗಳ ಹಿಂದೆ ಇಂಥ ಸರೋವರದ ತಳವಾಗಿದ್ದವು. ಅಲ್ಲಿ ತೆಳು ಸುಣ್ಣಕಲ್ಲಿನ ಹಾಳೆಗಳನ್ನು ಬಿಡಿಸಿದರೆ ನೈಟಿಯಾ ಎಂಬ ಗೇಣಿಗಿಂತಲೂ ಚಿಕ್ಕ ಮೀನುಗಳು, ಕೆಲವೊಮ್ಮೆ ಹಿಂಡುಹಿಂಡಾಗಿ, ಕಂದು ಬಣ್ಣದ ಎಲುಬುಗಳೊಂದಿಗೆ ಕಾಣಸಿಗುತ್ತವೆ. ಬೇರೊಂದು ಮೀನನ್ನು ಅರ್ಧ ನುಂಗಿ, ಅದು ಗಂಟಲಲ್ಲಿ ಸಿಕ್ಕಿಕೊಂಡು ಸತ್ತ ಮೀನುಗಳೂ ಅಲ್ಲಿ ದೊರೆತಿವೆ.

ಗಮನಿಸಬೇಕಾದ ಅಂಗಗಳಲ್ಲಿ ಮೊದಲನೆಯದು ಬಾಲ. ಹಳೆಯ ಕುಲಗಳ ಹಲವು ಮೀನುಗಳಲ್ಲಿ, ಇಂದಿನ ಶಾರ್ಕ್‌ನಲ್ಲಿರುವಂತೆ, ಬೆನ್ನುಮೂಳೆ ಬಾಲದ ಮೇಲಿನ ಕವಲಿನೊಳಕ್ಕೆ ಬಾಗಿ ಏರುತ್ತದೆ. ಮೇಲಿನ ಕವಲು ಉದ್ದ, ಕೆಳಗಿನದು ಗಿಡ್ಡ. ರೋಹು, ಕಾಟ್ಲಾಗಳಂತಹ ನಮಗೆ ಪರಿಚಿತವಾದ ಮೀನುಗಳಲ್ಲಿ ಬೆನ್ನುಮೂಳೆ ಬಾಲದ ಬುಡದಲ್ಲೇ ಮುಗಿದು ಎರಡೂ ಕವಲು ಸಮವಾಗಿರುತ್ತವೆ. ಎರಡನೆಯದು ಹುರುಪೆ: ದಪ್ಪನೆಯ, ಹೊಳಪಿನ, ವಜ್ರಾಕಾರದ ಹುರುಪೆಗಳು ಕವಚದಂತೆ ಜೋಡಣೆಯಾಗಿದ್ದರೆ ಅದು ಒಂದು ಬಗೆಯ ಮೀನು, ತೆಳ್ಳನೆಯ ದುಂಡು ಹುರುಪೆಗಳಿದ್ದರೆ ಇನ್ನೊಂದು ಬಗೆಯದು. ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ 1833ರಿಂದ 1843ರ ನಡುವೆ ಪಳೆಯುಳಿಕೆ ಮೀನುಗಳ ಬಗ್ಗೆ ಐದು ಸಂಪುಟಗಳನ್ನು ಪ್ರಕಟಿಸಿ, ಮೀನುಗಳನ್ನು ಹುರುಪೆಯ ಆಧಾರದಲ್ಲೇ ನಾಲ್ಕು ವರ್ಗಗಳಾಗಿ ಹಂಚಿದನು. ಆ ವರ್ಗೀಕರಣ ಇಂದು ಉಳಿದಿಲ್ಲ. ಆದರೆ ಮೀನನ್ನು ಹೀಗೆ ಅಂಗಾಂಗವಾಗಿ ನೋಡುವ ಶಿಸ್ತು ಉಳಿದಿದೆ.

ಅಗಾಸಿಗೆ ಸಾಮಗ್ರಿ ಒದಗಿಸಿದವರಲ್ಲಿ ಇಬ್ಬರು ಗೆಳೆಯರಿದ್ದರು: ಸರ್ ಫಿಲಿಪ್ ಈಗರ್ಟನ್ ಮತ್ತು ಮುಂದೆ ಎನ್ನಿಸ್ಕಿಲೆನ್ ಪ್ರಭುವಾದ ವಿಲಿಯಂ ಕೋಲ್. ಕಲ್ಲನ್ನು ಸೀಳಿದಾಗ ಒಂದೇ ಮೀನಿನ ಎರಡು ಮೈಗಳು ಎರಡು ಹೋಳುಗಳಲ್ಲಿ ಬರುತ್ತವೆಯಲ್ಲ, ಅವನ್ನು ಇವರು ಆಗಾಗ ತಮ್ಮೊಳಗೆ ಹಂಚಿಕೊಳ್ಳುತ್ತಿದ್ದರು. ಕೊನೆಗೆ ಇಬ್ಬರ ಸಂಗ್ರಹಗಳೂ ಲಂಡನ್ನಿನ ಒಂದೇ ವಸ್ತುಸಂಗ್ರಹಾಲಯ ಸೇರಿ, ಬೇರ್ಪಟ್ಟ ಹೋಳುಗಳು ಮತ್ತೆ ಒಂದಾದವು. ಸಂಗ್ರಾಹಕರ ಇತಿಹಾಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ.

ಪ್ರಶ್ನೆ: ಭಾರತದಲ್ಲಿ, ಅದರಲ್ಲೂ ನಮಗೆ ಹತ್ತಿರದಲ್ಲಿ, ಮೀನಿನ ಪಳೆಯುಳಿಕೆ ಸಿಗುವ ಸ್ಥಳಗಳಿವೆಯೇ?
— ಓದುಗರೊಬ್ಬರು, ಶಿರಾ

ಉತ್ತರ: ಇವೆ. ತೆಲಂಗಾಣದ ಪ್ರಾಣಹಿತಾ-ಗೋದಾವರಿ ಕಣಿವೆಯ ಕೋಟಾ ಶಿಲಾಪದರಗಳಲ್ಲಿ, ಡೈನೋಸಾರ್‌ಗಳಿದ್ದ ಜುರಾಸಿಕ್ ಕಾಲದ, ವಜ್ರಾಕಾರದ ಹುರುಪೆಗಳ ಸುಂದರ ಮೀನುಗಳಿವೆ. ಅವುಗಳಲ್ಲೊಂದಾದ ಲೆಪಿಡೋಟಿಸ್ ಡೆಕ್ಕನೆನ್ಸಿಸ್ ಎಂಬ ಮೀನಿನ ಬಗ್ಗೆ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ 1851ರಲ್ಲಿ ಲೇಖನ ಪ್ರಕಟಿಸಿದಾಗ ಮೀನಿನ ವಿವರಣೆಯನ್ನು ಬರೆದುಕೊಟ್ಟವರು ಮೇಲೆ ಹೇಳಿದ ಈಗರ್ಟನ್ನರೇ. ಅದೇ ಪದರಗಳಲ್ಲಿ ದೊರೆತ ಕೋಟಾಸಾರಸ್ ಡೈನೋಸಾರಿನ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನೋಡಬಹುದು. ತಮಿಳುನಾಡಿನ ಅರಿಯಲೂರಿನ ಸುತ್ತ, ವಿಶೇಷವಾಗಿ ಕಾರೈ ಗ್ರಾಮದ ಕೊರಕಲುಗಳಲ್ಲಿ, ಜುರಾಸಿಕ್ ನಂತರದ ಕ್ರಿಟೇಶಿಯಸ್ ಕಾಲದ ಸಮುದ್ರದ ಶಾರ್ಕ್ ಹಲ್ಲುಗಳು ಮಳೆಗೆ ಮಣ್ಣು ತೊಳೆದಾಗ ಹೊರಬೀಳುತ್ತವೆ. ಶಾರ್ಕ್‌ನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಸಾಮಾನ್ಯವಾಗಿ ಹಲ್ಲು ಮಾತ್ರ ಉಳಿಯುತ್ತದೆ. ಅಲ್ಲಿಗೆ ಹೋಗುವುದಾದರೆ ಯಾವುದಾದರೂ ಕಾಲೇಜಿನ ಭೂವಿಜ್ಞಾನ ವಿಭಾಗದ ಪ್ರವಾಸದೊಂದಿಗೆ ಹೋಗಿ. ಸುಣ್ಣಕಲ್ಲಿನ ಗಣಿಗಳೊಳಕ್ಕೆ ಅನುಮತಿಯಿಲ್ಲದೆ ಕಾಲಿಡಬೇಡಿ, ರಕ್ಷಿತ ಸ್ಥಳಗಳಿಂದ ಏನನ್ನೂ ಎತ್ತಬೇಡಿ.

ಪ್ರಶ್ನೆ: ಅಂತರ್ಜಾಲದ ಮಾರಾಟಗಾರರಿಂದ ಒಂದು ಮೀನಿನ ಪಳೆಯುಳಿಕೆಯನ್ನು ಕೊಳ್ಳಬೇಕೆಂದಿದ್ದೇನೆ. ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ?
— ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಮೊದಲ ಕೊಳ್ಳುವಿಕೆಗೆ ವಯೋಮಿಂಗಿನ ನೈಟಿಯಾ ಸೂಕ್ತ. ಅದು ಹೇರಳವಾಗಿ ಸಿಗುತ್ತದೆ, ಆದ್ದರಿಂದ ಅದನ್ನು ಪೂರ್ತಿ ನಕಲು ಮಾಡುವುದರಲ್ಲಿ ಲಾಭ ಕಡಿಮೆ. ಅಲ್ಲಿಯ ಖಾಸಗಿ ಜಮೀನಿನ ಕ್ವಾರಿಗಳಿಂದ ತೆಗೆದದ್ದನ್ನು ಮಾರುವುದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಲೆಬನಾನಿನ ಹಾಕೆಲ್ ಮತ್ತು ಹ್ಜೌಲಾ ಎಂಬ ಹಳ್ಳಿಗಳ ಮೀನುಗಳು ಇನ್ನೂ ಹಳೆಯವು, ಸುಮಾರು 9.5 ಕೋಟಿ ವರ್ಷದವು. 13ನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಆ ನಾಡಿನಲ್ಲಿದ್ದಾಗ, ಸೀಳಿದರೆ ಒಳಗೆ ಮೀನು ಕಾಣುವ ಕಲ್ಲೊಂದನ್ನು ತಂದು ಅವನಿಗೆ ತೋರಿಸಿದರೆಂದು ಅವನ ಜೊತೆಗಿದ್ದ ಜ್ವಾನ್‌ವೀಲ್ ಬರೆದಿಟ್ಟಿದ್ದಾನೆ. ಬ್ರೆಜಿಲಿನ ಅರಾರಿಪೆ ಪ್ರದೇಶದ ಗುಂಡುಕಲ್ಲುಗಳೊಳಗಿನ ಮೀನುಗಳು ಎಷ್ಟೇ ಮೋಹಕವಾಗಿರಲಿ, ಅವನ್ನು ಕೊಳ್ಳಬೇಡಿ: 1942ರ ಶಾಸನದ ಪ್ರಕಾರ ಅಲ್ಲಿನ ಪಳೆಯುಳಿಕೆಗಳು ಸರ್ಕಾರದ ಸ್ವತ್ತು.

ಮೋಸ ಹೆಚ್ಚಾಗಿ ನಡೆಯುವುದು ಪೂರ್ತಿ ನಕಲಿಯಲ್ಲಲ್ಲ, ತಿದ್ದುಪಡಿಯಲ್ಲಿ. ಇಲ್ಲದ ಈಜುರೆಕ್ಕೆಗೆ ಬಣ್ಣ ಬಳಿದಿರುತ್ತಾರೆ. ಒಂದು ಮೀನನ್ನು ಕತ್ತರಿಸಿ ಬೇರೆ ಚಪ್ಪಡಿಯಲ್ಲಿ ಕೂರಿಸಿ ಹಿಂಡಿನಂತೆ ಕಾಣಿಸುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಬಳಿದ ಗೆರೆಯಲ್ಲಿ ಕುಂಚದ ಜಾಡು ಕಾಣುತ್ತದೆ, ಕೂರಿಸಿದ ಮೀನಿನ ಸುತ್ತ ತುಂಬಿದ ಸಂದಿನ ಗೆರೆ ಕಾಣುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಕತ್ತಲೆಯಲ್ಲಿ ಹಿಡಿದರೆ ಅಂಟು ಮತ್ತು ತುಂಬುಗಾರೆ ಸಾಮಾನ್ಯವಾಗಿ ಕಲ್ಲಿಗಿಂತ ಬೇರೆ ರೀತಿಯಲ್ಲಿ ಹೊಳೆಯುತ್ತವೆ. ಅಚ್ಚಿಗೆ ಹೊಯ್ದ ರಾಳದ ಮೀನಾದರೆ ಸಣ್ಣ ಗುಳ್ಳೆಗಳಿರುತ್ತವೆ, ಹಿಂಬದಿಗೆ ಕಾಯಿಸಿದ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ತಿದ್ದುಪಡಿಯೇ ಅಪರಾಧವಲ್ಲ, ಮಾರುವವರು ಅದನ್ನು ಹೇಳದಿರುವುದು ಅಪರಾಧ. ಆದ್ದರಿಂದ ಹಣ ಕಳಿಸುವ ಮೊದಲು ಎರಡು ಸಂಗತಿಗಳನ್ನು ಬರೆದು ಕೇಳಿ: ಎಷ್ಟು ಭಾಗ ತಿದ್ದಲಾಗಿದೆ, ಮತ್ತು ಯಾವ ಕ್ವಾರಿಯ ಯಾವ ಪದರದಿಂದ ಬಂದಿದೆ. ಎರಡನೆಯದಕ್ಕೆ ಉತ್ತರ ಬರದಿದ್ದರೆ ಮೀನು ಎಷ್ಟು ಅಂದವಾಗಿದ್ದರೂ ಬಿಟ್ಟುಬಿಡಿ. ಯಾವ ಸರೋವರದಲ್ಲಿ, ಯಾವ ಕಾಲದಲ್ಲಿ, ಯಾವ ಮೀನುಗಳ ಜೊತೆ ಅದು ಬದುಕಿತ್ತೆಂಬುದು ತಿಳಿಯದ ಪಳೆಯುಳಿಕೆಯಿಂದ ಗೋಡೆಗೆ ಅಲಂಕಾರವಾಗಬಹುದು, ಅಧ್ಯಯನ ಸಾಧ್ಯವಿಲ್ಲ.

ಪ್ರಶ್ನೆ: ಪಳೆಯುಳಿಕೆಯಾಗಿ ಮಾತ್ರ ತಿಳಿದಿದ್ದ ಮೀನು ಜೀವಂತವಾಗಿ ಸಿಕ್ಕಿದ್ದುಂಟೇ?
— ಎಂಟನೆಯ ತರಗತಿಯ ವಿದ್ಯಾರ್ಥಿ, ಮುಳಬಾಗಿಲು

ಉತ್ತರ: ಉಂಟು. ಸೀಲಕಾಂತ್ ಎಂಬ ಗುಂಪಿನ ಮೀನುಗಳು ಡೈನೋಸಾರ್‌ಗಳ ಕಾಲದ ಅಂತ್ಯದಲ್ಲೇ ನಿರ್ನಾಮವಾದವೆಂದು ವಿಜ್ಞಾನಿಗಳು ನಂಬಿದ್ದರು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿಗೆ ಬಂದ ಮೀನುರಾಶಿಯಲ್ಲಿ ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಎಂಬ ವಸ್ತುಸಂಗ್ರಹಾಲಯದ ಅಧಿಕಾರಿಣಿ ಅಪರಿಚಿತವಾದ ನೀಲಿ ಮೀನೊಂದನ್ನು ಗುರುತಿಸಿದರು. ಪ್ರಾಧ್ಯಾಪಕ ಸ್ಮಿತ್ ಅದನ್ನು ಸೀಲಕಾಂತ್ ಎಂದು ಖಚಿತಪಡಿಸಿ, ಆಕೆಯ ಹೆಸರಿನಿಂದಲೇ ಲ್ಯಾಟಿಮೇರಿಯಾ ಎಂದು ಕರೆದರು.

ಪ್ರಶ್ನೆ: ಉಡುಗೊರೆಯಾಗಿ ಬಂದ ಮೀನಿನ ಚಪ್ಪಡಿಯ ಪದರಗಳು ಏಳುತ್ತಿವೆ. ಫೆವಿಕಾಲ್ ಅಥವಾ ವಾರ್ನಿಷ್ ಹಚ್ಚಬಹುದೇ?
— ಗೃಹಿಣಿ, ಗೌರಿಬಿದನೂರು

ಉತ್ತರ: ಎರಡೂ ಬೇಡ. ವಾರ್ನಿಷ್ ಕಾಲ ಕಳೆದಂತೆ ಹಳದಿಗಟ್ಟುತ್ತದೆ, ಅದನ್ನು ತೆಗೆಯಲು ಹೋದರೆ ಎಲುಬೂ ಕಿತ್ತುಬರುತ್ತದೆ. ಫೆವಿಕಾಲಿನಲ್ಲಿ ನೀರಿನಂಶವಿದ್ದು, ತೆಳು ಪದರಗಳ ಸುಣ್ಣಕಲ್ಲಿಗೆ ನೀರು ಹಿತವಲ್ಲ. ಅದೇ ಕಾರಣಕ್ಕೆ ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ, ಮೃದುವಾದ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು. ಅದನ್ನು ಅಸಿಟೋನಿನಲ್ಲಿ ತೆಳುವಾಗಿ ಕರಗಿಸಿ ಏಳುತ್ತಿರುವ ಪದರದ ಅಂಚಿಗೆ ಹನಿಹನಿಯಾಗಿ ಇಳಿಸುತ್ತಾರೆ. ಮುಂದೆ ಬೇಕೆಂದಾಗ ಅಸಿಟೋನಿನಿಂದಲೇ ಅದನ್ನು ಮತ್ತೆ ತೆಗೆಯಬಹುದು. ಅಸಿಟೋನ್ ಬೇಗನೆ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅಡುಗೆಮನೆಯಲ್ಲಿ ಈ ಕೆಲಸ ಮಾಡಬಾರದು, ಕಿಟಕಿಗಳನ್ನು ತೆರೆದಿಟ್ಟಿರಬೇಕು. ಚಪ್ಪಡಿಯನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕದೆ, ಕೆಳಗೆ ಎರಡು ಕಡೆ ಆಧಾರ ಕೊಟ್ಟು ಒರಗಿಸಿಡಿ. ಎಲುಬಿನ ಸುತ್ತ ಹಿತ್ತಾಳೆ ಬಣ್ಣದ ಕಣಗಳಿದ್ದರೆ ಅದು ಪೈರೈಟ್ ಆಗಿರಬಹುದು. ತೇವ ತಗುಲಿದರೆ ಪೈರೈಟ್ ಬಿಳಿ-ಹಳದಿ ಪುಡಿಯಾಗಿ ಉದುರುತ್ತ ಮೀನನ್ನೇ ತಿಂದುಹಾಕುತ್ತದೆ. ಅಂಥದ್ದನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಉಡುಗೊರೆ ಕೊಟ್ಟವರಿಂದ ಮೀನಿನ ಹೆಸರು ಮತ್ತು ಅದು ದೊರೆತ ಸ್ಥಳವನ್ನು ಕೇಳಿಕೊಂಡು ಚೀಟಿಯಲ್ಲಿ ಬರೆದು, ಚೀಟಿಯ ಮೇಲೊಂದು ಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ಚಪ್ಪಡಿಯ ಹಿಂಬದಿಯ ಮೂಲೆಯಲ್ಲೂ ಬರೆಯಿರಿ.