ಗೇರ್ ಚಿಕ್ಕದಾದರೆ ಮಾನ ಹೋಗುವುದಿಲ್ಲ

ಬೆಟ್ಟದ ಜಲ್ಲಿ ದಾರಿಯಲ್ಲಿ ದಿನಗಟ್ಟಲೆ ಸೈಕಲ್ ತುಳಿಯಲು ಹೊರಟವರಿಂದ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅವೇ ಐದಾರು. ಉತ್ತರ ಕೊಟ್ಟಷ್ಟೂ ಮತ್ತೆ ಬರುತ್ತವೆ, ಯಾಕೆಂದರೆ ಅಷ್ಟರಲ್ಲಿ ಯಾರೋ ಒಬ್ಬ ಮಹಾಶಯ ವಿಡಿಯೋ ಮಾಡಿ ಬೇರೇನೋ ಹೇಳಿರುತ್ತಾನೆ. ಈ ಸಲ ಒಂದು ಪ್ರಶ್ನೆಯನ್ನು ಹಿಡಿದು ಲೆಕ್ಕ ಸಮೇತ ಬರೆಯುತ್ತೇನೆ, ಉಳಿದವಕ್ಕೆ ಇಷ್ಟಿಷ್ಟೇ. ಚೈನ್‌ರಿಂಗ್ ಎಂದರೆ ಪೆಡಲಿನ ಬಳಿಯ ಹಲ್ಲುಚಕ್ರ, ಕ್ಯಾಸೆಟ್ ಎಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು; ಅದಕ್ಕಿಂತ ಹಿಂದಿನಿಂದ ಶುರು ಮಾಡುವುದಿಲ್ಲ.

ಪ್ರಶ್ನೆ: ಸರ್, ನನ್ನ ಸೈಕಲ್ಲಿನಲ್ಲಿ ಮುಂದೆ 40 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 11ರಿಂದ 42 ಹಲ್ಲಿನವರೆಗಿನ (11–42) ಕ್ಯಾಸೆಟ್ ಇದೆ. ನನ್ನ ತೂಕ 72 ಕಿಲೊ, ಸೈಕಲ್ 12, ಸಾಮಾನು 11. ಆರು ದಿನದ ಬೆಟ್ಟದ ಜಲ್ಲಿ ದಾರಿಗೆ ಹೊರಟಿದ್ದೇನೆ. ಕಾಲು ಗಟ್ಟಿ ಇದ್ದರೆ ಈ ಗೇರ್ ಸಾಕು ಅನ್ನುತ್ತಾರೆ ಗೆಳೆಯರು. ಮುಂದೆ 32ರದ್ದು ಹಾಕಿಕೊಂಡರೆ ಇಳಿಜಾರಿನಲ್ಲಿ ಅವರಿಗಿಂತ ಹಿಂದೆ ಬೀಳುತ್ತೇನೆಯೇ?

ಹಿಂದೆ ಬೀಳುವುದಿಲ್ಲ. ಆದರೆ ಇಳಿಯುವುದರ ಚಿಂತೆ ಆಮೇಲೆ, ಮೊದಲು ಹತ್ತುವ ದಾರಿ ನೋಡಿ.

ಎಲ್ಲ ಸೇರಿ 95 ಕಿಲೊ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಚಡಾವಿನಲ್ಲಿ ಇಷ್ಟು ಭಾರವನ್ನು ಕೆಳಗೆಳೆಯುವ ಬಲ ಸುಮಾರು 93 ನ್ಯೂಟನ್. ಜಲ್ಲಿಯ ಮೇಲೆ ಉರುಳುವುದಕ್ಕೆ ಟಯರ್ ತಿನ್ನುವುದು ಇನ್ನೊಂದು 14. ಆ ವೇಗದಲ್ಲಿ ಗಾಳಿಯ ಲೆಕ್ಕ ಬಿಟ್ಟುಬಿಡಿ. ಒಟ್ಟು 107. ಈಗ ನಿಮ್ಮ ಕಾಲಿನ ಲೆಕ್ಕ. ಹತ್ತು ನಿಮಿಷ ಎಷ್ಟು ತುಳಿಯಬಲ್ಲಿರಿ ಎಂಬುದು ನನಗೆ ಬೇಡ. ನಾಲ್ಕನೆಯ ದಿನ ಮಧ್ಯಾಹ್ನ, ಎರಡು ಗಂಟೆ ಬಿಡದೆ ಹತ್ತುವಾಗ ಎಷ್ಟು? ಹವ್ಯಾಸಕ್ಕೆ ತುಳಿಯುವವರಿಗೆ 150 ವಾಟ್ ಎಂದರೆ ಉದಾರವಾಗಿಯೇ ಹೇಳಿದಂತೆ. ಚೈನಿನಲ್ಲಿ ಸೋರುವ ಪಾಲನ್ನು ಕಳೆದರೆ ಆ 150ಕ್ಕೆ ಸಿಗುವ ವೇಗ ಗಂಟೆಗೆ 4.8 ಕಿಲೊಮೀಟರ್ ಆಸುಪಾಸು. ಗೇರ್ ಯಾವುದೇ ಇರಲಿ, ವೇಗ ಅಷ್ಟೇ. ಗೇರ್ ತೀರ್ಮಾನಿಸುವುದು ಆ ವೇಗದಲ್ಲಿ ನಿಮ್ಮ ಕಾಲು ನಿಮಿಷಕ್ಕೆ ಎಷ್ಟು ಸಲ ಸುತ್ತುತ್ತದೆ ಎನ್ನುವುದನ್ನು ಮಾತ್ರ.

45 ಮಿಲಿಮೀಟರ್ ಟಯರ್ ಹಾಕಿದ 700ರ ಚಕ್ರದ ಸುತ್ತಳತೆ 2.24 ಮೀಟರ್. ನಿಮ್ಮ ಅತಿ ಹಗುರ ಗೇರ್ 40ಕ್ಕೆ 42, ಭಾಗಿಸಿದರೆ 0.95. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 2.13 ಮೀಟರ್ ಮುಂದೆ ಹೋಗಬೇಕು. 4.8ರ ವೇಗದಲ್ಲಿ ನಿಮಿಷಕ್ಕೆ 38 ಸುತ್ತು. ಅದು ತುಳಿಯುವುದಲ್ಲ, ಒಂದೊಂದು ಪೆಡಲಿನ ಮೇಲೂ ಎದ್ದು ನಿಂತು ಒತ್ತುವುದು. 60 ಸುತ್ತು ಬೇಕೆಂದರೆ ಇದೇ ಗೇರಿನಲ್ಲಿ 235 ವಾಟ್‌ಗಿಂತ ಹೆಚ್ಚು ಕೊಡಬೇಕು. ನಿಮ್ಮ ಗೆಳೆಯರು ಎರಡು ಗಂಟೆ ಅಷ್ಟು ಕೊಡಬಲ್ಲವರಾದರೆ ಅವರಿಗೆ ನನ್ನ ನಮಸ್ಕಾರ, ಅವರ ಸಲಹೆ ಅವರಿಗೇ ಇರಲಿ.

ದಾರಿ ಎತ್ತರಕ್ಕೆ ಹೋದಷ್ಟೂ ಈ 150 ಕೂಡ ಉಳಿಯುವುದಿಲ್ಲ. 1,500 ಮೀಟರ್ ದಾಟಿದ ಮೇಲೆ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಮಿತಿ ಪ್ರತಿ ನೂರು ಮೀಟರಿಗೆ ಸುಮಾರು ಶೇಕಡಾ 1ರಂತೆ ಇಳಿಯುತ್ತದೆ. 3,000 ಮೀಟರಿನಲ್ಲಿ ಎಷ್ಟು ಉಳಿಯಿತು ಎಂದು ನೀವೇ ಕಳೆದು ನೋಡಿ.

ಈಗ ನಿಮ್ಮ 32ರ ಉಪಾಯ. ಹಿಂದೆ ಅದೇ 42 ಇಟ್ಟುಕೊಂಡರೆ 0.76, ನಿಮಿಷಕ್ಕೆ 47 ಸುತ್ತು. ವಾಸಿ, ಆದರೆ ಸಾಲದು. 32ರ ಜೊತೆ ಹಿಂದೆ 51 ಇದ್ದರೆ 0.63, ಅಂದರೆ 57 ಸುತ್ತು. ಇಲ್ಲಿಗೆ ಬಂದರೆ ಕೂತು ತುಳಿಯಬಹುದು, ಮಾತಾಡಿಕೊಂಡು ಹೋಗಬಹುದು. ಸಾಮಾನು ಹೊತ್ತವರು 0.6ರ ಸುತ್ತಮುತ್ತ ಇರಲಿ, ಹೊರದವರಿಗೆ 0.75 ಆಗುತ್ತದೆ. 0.55ಕ್ಕಿಂತ ಕೆಳಗೆ ಹೋಗಿ ಲಾಭವಿಲ್ಲ. ಗಂಟೆಗೆ ನಾಲ್ಕು ಕಿಲೊಮೀಟರಿಗಿಂತ ನಿಧಾನವಾದರೆ ಜಲ್ಲಿಯ ಮೇಲೆ ಹ್ಯಾಂಡಲ್ ನೆಟ್ಟಗೆ ನಿಲ್ಲುವುದಿಲ್ಲ, ಇಳಿದು ತಳ್ಳುವುದೇ ಮೇಲು.

‘ಕಾಲು ಗಟ್ಟಿ ಇದ್ದರೆ’ ಎಂಬ ಮಾತಿಗೆ ಬರೋಣ. ಇದು ನೂರು ವರ್ಷಕ್ಕೂ ಹಳೆಯ ಜಂಬ. ಟೂರ್ ಡಿ ಫ್ರಾನ್ಸ್ ಮೊದಲ ಸಲ ಪಿರನೀಸ್ ಬೆಟ್ಟಸಾಲಿನ ಟೂರ್ಮಲೆ ಘಟ್ಟ ಹತ್ತಿದ್ದು 1910ರಲ್ಲಿ. 2,115 ಮೀಟರ್ ಎತ್ತರ, ಡಾಂಬರು ಕಾಣದ ದಾರಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಇಲ್ಲ. ಆ ವರ್ಷ ಪೂರಾ ಸ್ಪರ್ಧೆಯನ್ನೇ ಗೆದ್ದ ಒಕ್ತಾವ್ ಲಾಪಿಝ್ ಕೂಡ ಆ ಘಟ್ಟದಲ್ಲಿ ಕೆಲವೆಡೆ ಇಳಿದು ಸೈಕಲ್ ತಳ್ಳಿಕೊಂಡು ನಡೆದಿದ್ದ. ಆಯೋಜಕರ ಹಟದಿಂದಾಗಿ ಆ ಸ್ಪರ್ಧೆಯಲ್ಲಿ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಸಿಕ್ಕಿದ ಮೇಲೆ ಯಾರೂ ಹಳೆಯದಕ್ಕೆ ವಾಪಸು ಹೋಗಲಿಲ್ಲ. ಅವರಿಗಿಂತ ಗಟ್ಟಿ ಕಾಲು ನಿಮಗಿದ್ದರೆ ನನಗೆ ಪತ್ರ ಬರೆಯುತ್ತಿರಲಿಲ್ಲ.

ಮೊಣಕಾಲಿನ ಮೇಲಿನ ಒತ್ತಡ ತಗ್ಗುವುದಲ್ಲದೆ ಹಗುರ ಗೇರಿಗೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ನಿಮಿಷಕ್ಕೆ 38 ಸುತ್ತಿನಲ್ಲಿ ಒಂದೊಂದು ತುಳಿತವೂ ಹಿಂದಿನ ಚಕ್ರಕ್ಕೆ ಒಂದೊಂದು ಏಟು. ಸಡಿಲ ಜಲ್ಲಿ ಆ ಏಟಿಗೆ ಜಾರುತ್ತದೆ. ಎದ್ದು ನಿಂತರೆ ಭಾರ ಮುಂದಕ್ಕೆ ಹೋಗಿ ಹಿಂದಿನ ಟಯರ್ ಹಿಡಿತ ಬಿಡುತ್ತದೆ. ಕೂತು, 60ರಲ್ಲಿ, ಒಂದೇ ಸಮನೆ ತುಳಿದರೆ ಅದೇ ಟಯರ್ ಅದೇ ಜಲ್ಲಿಯಲ್ಲಿ ಕಚ್ಚಿಕೊಳ್ಳುತ್ತದೆ. ‘ಚಡಾವಿನಲ್ಲಿ ಚಕ್ರ ಜಾರುತ್ತದೆ, ಯಾವ ಟಯರ್ ಹಾಕಲಿ’ ಎಂದು ಬರೆದಿರುವ ಇನ್ನೂ ಹಲವರು ಇದನ್ನೇ ತಮ್ಮ ಉತ್ತರ ಎಂದುಕೊಳ್ಳಿ. ಟಯರ್ ಬದಲಿಸುವ ಮೊದಲು ಗೇರ್ ನೋಡಿ.

ಇಳಿಜಾರು. 32ಕ್ಕೆ 10 ಎಂದರೆ 3.2. ನಿಮಿಷಕ್ಕೆ 90 ಸುತ್ತಿನಲ್ಲಿ ಗಂಟೆಗೆ 38 ಕಿಲೊಮೀಟರ್ ದಾಟುತ್ತದೆ. ತಿರುವುಗಳಿರುವ ಜಲ್ಲಿ ಇಳಿಜಾರಿನಲ್ಲಿ ಅದಕ್ಕಿಂತ ಜೋರಾಗಿ ಹೋಗುವಾಗ ಪೆಡಲ್ ತುಳಿಯುವವರನ್ನು ನಾನು ಕಂಡಿಲ್ಲ. ಕೈ ಬ್ರೇಕಿನ ಮೇಲಿರುತ್ತದೆ.

ಇನ್ನು ಕೊಳ್ಳುವ ಮೊದಲು ಓದಬೇಕಾದ ಭಾಗ. ನಿಮ್ಮ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳು) ಚೈನ್‌ರಿಂಗ್ ಕೂರಿಸುವ ಬೋಲ್ಟುಗಳ ವೃತ್ತ 110 ಮಿಲಿಮೀಟರ್ ಇದ್ದರೆ 32 ಹಲ್ಲಿನದು ಅಲ್ಲಿ ಕೂರುವುದೇ ಇಲ್ಲ, ಕ್ರ್ಯಾಂಕೇ ಬೇರೆ ಬೇಕು. ಹಿಂದೆ 42ರ ಮಿತಿಯ ಡಿರೇಲರ್ ಇದ್ದರೆ 51ನ್ನು ಅದು ಹತ್ತುವುದಿಲ್ಲ. 10 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ ಹಳೆಯ ಮಾದರಿಯ ಫ್ರೀಹಬ್ಬಿಗೆ (ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಆಗದು, 11–51 ಆದರೆ ಆಗುತ್ತದೆ. ಮೌಂಟನ್ ಬೈಕಿನ ಡಿರೇಲರ್ ತಂದು ಬಾಗಿದ ಹ್ಯಾಂಡಲಿನ ಲಿವರಿಗೆ ಕೇಬಲ್ ಕಟ್ಟಿದರೆ ಬಹುಪಾಲು ಗೇರ್ ಸರಿಯಾಗಿ ಬೀಳುವುದಿಲ್ಲ, ಸಾಮಾನ್ಯವಾಗಿ ಎರಡೂ ಕೇಬಲ್ ಎಳೆಯುವ ಅಳತೆ ಬೇರೆ. ‘ಎಲ್ಲಕ್ಕೂ ಹೊಂದುತ್ತದೆ ಸರ್, ನಾನು ಮಾಡಿಕೊಡುತ್ತೇನೆ’ ಎನ್ನುವವನಿಗೆ ಲಿವರ್, ಡಿರೇಲರ್, ಕ್ಯಾಸೆಟ್ ಮೂರರ ಮಾಡೆಲ್ ನಂಬರ್ ಕಾಗದದ ಮೇಲೆ ಬರೆದುಕೊಡಲು ಹೇಳಿ. ಅಲ್ಲಿಗೆ ಅರ್ಧ ಜನ ತಣ್ಣಗಾಗುತ್ತಾರೆ. ಮುಂದಿನ ಚೈನ್‌ರಿಂಗ್ ಹಾಗೇ ಇಟ್ಟು ಕ್ಯಾಸೆಟ್ ಮಾತ್ರ ದೊಡ್ಡದು ಮಾಡಿದರೆ ಚೈನೂ ಉದ್ದವಾಗಬೇಕು. ಹಳೆಯ ಚೈನಿನಲ್ಲೇ 51ಕ್ಕೆ ಏರಿಸಿದರೆ ಡಿರೇಲರ್ ಕಿತ್ತುಕೊಂಡು ಕಡ್ಡಿಗಳೊಳಗೆ ಹೋಗುತ್ತದೆ.

ಇಷ್ಟೆಲ್ಲ ಬದಲಿಸುವ ಗೋಜು ಬೇಡವೆನ್ನುವವರು ಮೂಲೆಯಲ್ಲಿ ಬಿದ್ದಿರುವ ಮೂರು ಚೈನ್‌ರಿಂಗಿನ ಹಳೆಯ ಮೌಂಟನ್ ಬೈಕ್ ಕಡೆ ನೋಡಿ. ಒಳಗಿನದು 22, ಹಿಂದೆ 34 ಇದ್ದರೆ 0.65. ಹೊಸ ದುಬಾರಿ ಸೈಕಲ್ಲುಗಳಲ್ಲಿ ಎಷ್ಟೋ ಅದಕ್ಕೆ ಸಮನಲ್ಲ.

ಪ್ರಶ್ನೆ: ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡರೆ ದೊಡ್ಡ ಗೇರ್ ತುಳಿಯಬಹುದೇ? ಒಬ್ಬರು ಎಣ್ಣೆಯನ್ನೂ ಕೊಟ್ಟಿದ್ದಾರೆ.

ಎಣ್ಣೆ ಚೈನಿಗೆ ಹಾಕುವಂಥದ್ದಾದರೆ ಹಾಕಿ. ಮೊಣಕಾಲು ನೋಯುತ್ತಿದ್ದರೆ ಸೀಟಿನ ಎತ್ತರ ಮತ್ತು ಗೇರ್ ಎರಡನ್ನೂ ಸರಿಮಾಡಿ. ಆಮೇಲೂ ನೋಯುತ್ತಿದ್ದರೆ ಮೂಳೆ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಟಯರ್ 38ರದ್ದು ಹಾಕಲೇ, 45ರದ್ದೇ, 50ರದ್ದೇ? ಅಗಲವಾದರೆ ನಿಧಾನವಾಗುತ್ತದಂತೆ.

ಫ್ರೇಮ್ ಮತ್ತು ಫೋರ್ಕ್ ಹಿಡಿಯುವಷ್ಟು ಅಗಲದ್ದು ಹಾಕಿ. ಅಗಲದ ಟಯರ್ ನಿಧಾನ ಎನ್ನುವುದು ಒರಟು ದಾರಿಯಲ್ಲಿ ಸುಳ್ಳು. ಕಲ್ಲಿನ ಮೇಲೆ ಸೈಕಲ್ಲೂ ನೀವೂ ಕುಲುಕಾಡುವುದರಲ್ಲಿ ಪೋಲಾಗುವ ಶಕ್ತಿ, ಅಗಲ ಟಯರಿನ ತೂಕ ಕೇಳುವ ಶಕ್ತಿಗಿಂತ ಎಷ್ಟೋ ಹೆಚ್ಚು. ಸಾಮಾನು ಹೊತ್ತವರಿಗೆ 45ರಿಂದ 50, ಕಲ್ಲು ದಪ್ಪವಿದ್ದರೆ ಅದಕ್ಕೂ ಮೇಲೆ. 38 ಹಾಕಿಕೊಂಡು ಬೆಟ್ಟದ ಜಲ್ಲಿಗೆ ಹೋಗುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಟಯರಿನ ಮೇಲೆ ಬರೆದಿರುವ ಅಳತೆಯನ್ನು ನಂಬಬೇಡಿ. ಒಳಗಲ ಹೆಚ್ಚಿರುವ ರಿಮ್ಮಿಗೆ ಹಾಕಿದರೆ 45ರದ್ದು ಅಳತೆಗೆ 47 ಬರಬಹುದು. ಗಾಳಿ ತುಂಬಿ, ಒಂದು ದಿನ ಬಿಟ್ಟು, ಕ್ಯಾಲಿಪರ್ ಹಿಡಿದು ಅಳೆಯಿರಿ. ಎರಡೂ ಕಡೆ ಕನಿಷ್ಠ 6 ಮಿಲಿಮೀಟರ್ ಜಾಗ ಉಳಿಯಬೇಕು. ಒಂದು ಚೂಪು ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಫ್ರೇಮಿನ ಬಣ್ಣ ಮಾತ್ರ ಹೋಗುವುದಲ್ಲ, ಕಾರ್ಬನ್ ಆದರೆ ಕೊರೆದೇ ಹಾಕುತ್ತದೆ. ಕೆಸರಿದ್ದರೆ ಇನ್ನೂ ಹೆಚ್ಚು ಜಾಗ ಬೇಕು.

ಟಯರಿನ ಮೈಮೇಲೆ ಗುಬುಟುಗಳು ಎಷ್ಟಿರಬೇಕು, ಹೇಗಿರಬೇಕು ಎಂದು ತಲೆ ಕೆಡಿಸಿಕೊಳ್ಳುವವರು ಪಕ್ಕದ ಗೋಡೆಯ ಬಗ್ಗೆ ಕೇಳುವುದೇ ಇಲ್ಲ. ಬೆಟ್ಟದಲ್ಲಿ ಟಯರ್ ಸಾಯುವುದು ಹೆಚ್ಚಾಗಿ ಪಕ್ಕ ಸೀಳಿ. ನೂರು ಗ್ರಾಂ ಭಾರವಾದರೂ ಪಕ್ಕ ಗಟ್ಟಿ ಇರುವುದನ್ನೇ ಕೊಳ್ಳಿ. ನಡುವೆ ನುಣುಪು, ಅಂಚಿನಲ್ಲಿ ಗುಬುಟು ಇದ್ದರೆ ಬಹುಪಾಲು ದಾರಿಗೆ ಆಗುತ್ತದೆ.

ಇನ್ನೊಂದು: ಟಯರ್ ದಪ್ಪವಾದರೆ ಚಕ್ರವೂ ದೊಡ್ಡದಾಗುತ್ತದೆ, ಗೇರೂ ಭಾರವಾಗುತ್ತದೆ. 32ರಿಂದ 54ಕ್ಕೆ ಹೋದರೆ ಸುತ್ತಳತೆ ಶೇಕಡಾ 6ರಷ್ಟು ಹೆಚ್ಚುತ್ತದೆ. ಹಿಂದೆ 36 ಹಲ್ಲಿದ್ದ ಕಾಗ್ (ಕ್ಯಾಸೆಟ್ಟಿನ ಒಂದು ಹಲ್ಲುಚಕ್ರ) 34 ಆದ ಹಾಗೆ. ಅದಕ್ಕೇ ಟಯರ್ ತೀರ್ಮಾನವಾದ ಮೇಲೆ ಗೇರಿನ ಲೆಕ್ಕ ಹಾಕಬೇಕು.

ಪ್ರಶ್ನೆ: 60 ಪಿಎಸ್‌ಐ ಗಾಳಿ ಹಾಕಿದರೆ ಪಂಕ್ಚರೂ ಆಗದು, ಹಗುರವಾಗಿಯೂ ಓಡುತ್ತದೆ ಎನ್ನುತ್ತಾರೆ. ನಿಜವೇ?

ಹಲ್ಲು ಉದುರುತ್ತವೆ, ಅದು ನಿಜ. ಮೇಲಿನ 95 ಕಿಲೊ ಲೆಕ್ಕಕ್ಕೆ 45ರ ಟ್ಯೂಬ್‌ಲೆಸ್ ಟಯರಿನಲ್ಲಿ ಹಿಂದೆ 34, ಮುಂದೆ 31ರಿಂದ ಶುರು ಮಾಡಿ. ಒಳಗೆ ಟ್ಯೂಬ್ ಇದ್ದರೆ ನಾಲ್ಕೈದು ಹೆಚ್ಚಿಗೆ. ರಿಮ್ ಕಲ್ಲಿಗೆ ತಾಗಿದ ಸದ್ದು ಕೇಳಿದರೆ ಎರಡು ಏರಿಸಿ, ಕೈ ಜೋಮು ಹಿಡಿದರೆ ಎರಡು ಇಳಿಸಿ. ಅಂಚಿನಲ್ಲಿ ಕೊಕ್ಕೆ ಇಲ್ಲದ ರಿಮ್ ಇರುವವರು 72.5ನ್ನು ಯಾವ ಕಾರಣಕ್ಕೂ ದಾಟಬಾರದು, ಟಯರ್ ಹಾರಿ ಹೋಗುತ್ತದೆ. ಟಯರಿನ ಮೇಲೆ ಅದಕ್ಕೂ ಕಡಿಮೆ ಮಿತಿ ಬರೆದಿದ್ದರೆ ಅದೇ ಕೊನೆ ಮಾತು.

ಪ್ರಶ್ನೆ: ನೈಟ್ರೋಜನ್ ತುಂಬಿಸಲೇ?

ಗಾಳಿಯಲ್ಲಿ ಶೇಕಡಾ 78 ಅದೇ ಇದೆ. ಬಿಟ್ಟಿಯಾಗಿ.

ಪ್ರಶ್ನೆ: ಸೆರಾಮಿಕ್ ಬೇರಿಂಗ್ ಹಾಕಿಸಿದರೆ ಚಡಾವು ಸುಲಭವಾಗುತ್ತದೆಯೇ?

ಇಲ್ಲ. ಚೈನ್ ತೊಳೆಯಿರಿ.

ಪ್ರಶ್ನೆ: ಟ್ಯೂಬ್‌ಲೆಸ್ ಇದೆ, ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿದ್ದೇನೆ. ಟ್ಯೂಬ್ ಒಯ್ಯುವುದು ದಂಡದ ಭಾರವಲ್ಲವೇ?

ಸೀಲೆಂಟ್ ಯಾವಾಗ ಹಾಕಿದ್ದು? ಕೆಲವೇ ತಿಂಗಳಲ್ಲಿ ಅದು ಒಣಗಿ ರಬ್ಬರ್ ಉಂಡೆಯಾಗುತ್ತದೆ. ಚಕ್ರ ಬಿಚ್ಚಿ ಅಲ್ಲಾಡಿಸಿ ನೋಡಿ, ದ್ರವದ ಸದ್ದು ಬರಬೇಕು. ಹೊಸದೇ ಆದರೂ ಬೆರಳಗಲ ಸೀಳನ್ನು ಅದು ಮುಚ್ಚಲಾರದು. ಎರಡು ಟ್ಯೂಬ್, ತೂತಿಗೆ ತುರುಕುವ ಪ್ಲಗ್, ಸೀಳಿದ ಜಾಗಕ್ಕೆ ಒಳಗಿನಿಂದ ಇಡಲು ಹಳೆಯ ಟಯರಿನ ಒಂದು ತುಂಡು, ಕೈಪಂಪ್. ಟಯರಿಗೆ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರ್ ಮಾತ್ರ ನಂಬಿಕೊಂಡು ಹೋಗುವವರು ಮೂರನೆಯ ಪಂಕ್ಚರಿಗೆ ನಡೆಯುತ್ತಾರೆ.

ಪ್ರಶ್ನೆ: ಹೊಸ ಟಯರ್, ಹೊಸ ಕ್ಯಾಸೆಟ್ ಎಲ್ಲ ಬಂದಿದೆ. ಹೊರಡುವ ಹಿಂದಿನ ದಿನ ಹಾಕಿಸಿದರೆ ಸವೆಯದೆ ಉಳಿಯುತ್ತವಲ್ಲ?

ಬೇಡ. ಕನಿಷ್ಠ ಎರಡು ವಾರ ಮೊದಲು ಹಾಕಿಸಿ, ಕೊಂಡೊಯ್ಯುವಷ್ಟೇ ಸಾಮಾನು ಕಟ್ಟಿ, ಸಿಗುವ ಅತಿ ಕಡಿದಾದ ಚಡಾವನ್ನು ಎರಡು ಸಲ ಹತ್ತಿ. ಹೊಸ ಕೇಬಲ್ ಎಳೆದುಕೊಳ್ಳುತ್ತದೆ, ಗೇರ್ ತಪ್ಪುತ್ತದೆ, ಹೊಸ ಟ್ಯೂಬ್‌ಲೆಸ್ ಮೊದಲ ವಾರ ಗಾಳಿ ಸೋರುತ್ತದೆ. ಅದೆಲ್ಲ ಮನೆ ಹತ್ತಿರವೇ ಆಗಲಿ. ಜೊತೆಗೆ ಡಿರೇಲರ್ ನೇತುಹಾಕುವ ಹ್ಯಾಂಗರ್ ಒಂದು ಹೆಚ್ಚಿಗೆ ತರಿಸಿಕೊಳ್ಳಿ. ಅದು ಫ್ರೇಮಿನಿಂದ ಫ್ರೇಮಿಗೆ ಬೇರೆ, ದಾರಿಯಲ್ಲಿ ಮುರಿದರೆ ಪಕ್ಕದವರದ್ದು ನಿಮಗೆ ಆಗುವುದಿಲ್ಲ.